ಹೊಸ ಗಾಡಿಯಲ್ಲಿ ವಾರ್ನಿಂಗ್ ಲೈಟ್: ‘ಸೆನ್ಸರ್ ಹೋಗಿದೆ’ ಅನ್ನುವ ಮೊದಲು

ಶೋರೂಮಿನಿಂದ ತಂದ ಕಾರಿಗೆ ಇನ್ನೂ ಮೂರು ತಿಂಗಳು ತುಂಬಿರುವುದಿಲ್ಲ. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ಲೈಟು ಹೊತ್ತಿಕೊಳ್ಳುತ್ತದೆ. ಗಾಡಿ ಮಾತ್ರ ಎಂದಿನಂತೆಯೇ ಓಡುತ್ತದೆ. ಯಾರನ್ನು ಕೇಳಿದರೂ ಒಂದೇ ಉತ್ತರ: ‘ಸೆನ್ಸರ್ ಪ್ರಾಬ್ಲಂ, ಸುಮ್ನೆ ಓಡಿಸಿ.’

ಕೆಲವು ಸಲ ಆ ಮಾತು ಸರಿಯೇ. ಆದರೆ ಲೈಟಿಗೆ ಗೊತ್ತಿರುವುದು ಇಷ್ಟೇ: ಒಂದು ಕಡೆಯಿಂದ ಬರುತ್ತಿರುವ ಲೆಕ್ಕ ಸರಿಯಿಲ್ಲ. ಬಿಸಿ, ಗಾಳಿ ಮುಂತಾದವನ್ನು ಅಳೆದು ಗಾಡಿಯ ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಕೆಟ್ಟಿರಬಹುದು. ಅದರ ವಯರ್ ತುಂಡಾಗಿರಬಹುದು. ಅಥವಾ ಸೆನ್ಸರ್ ನೆಟ್ಟಗಿದ್ದು, ಎಂಜಿನ್ನಿನ ನಿಜವಾದ ತೊಂದರೆಯನ್ನೇ ಹೇಳುತ್ತಿರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ.

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ಕಂಪನಿ ಸರ್ವಿಸಿಗೆ ಕಾಸರಗೋಡಿಗೋ ಮಂಗಳೂರಿಗೋ ಹೋಗಬೇಕು. ಅರ್ಧ ದಿನ ಕಳೆದು, ‘ಲೈಟ್ ಕ್ಲಿಯರ್ ಮಾಡಿದ್ದೇವೆ’ ಎಂಬ ಮಾತು ಕೇಳಿ ವಾಪಸ್ ಬರುವುದು, ನಾಲ್ಕು ದಿನಕ್ಕೆ ಅದೇ ಲೈಟು ಮತ್ತೆ ಬರುವುದು – ಇದು ಹಲವರಿಗೆ ಗೊತ್ತಿರುವ ಕತೆ. ಹೋಗುವ ಮೊದಲು ನಾವೇ ಮಾಡಿಕೊಳ್ಳಬಹುದಾದ ಕೆಲಸ ಸಾಕಷ್ಟಿದೆ.

ಮೊದಲು ಬಣ್ಣ ನೋಡಿ

ಕೀ ಆನ್ ಮಾಡಿದ ಕೂಡಲೇ ಮೀಟರಿನ ಲೈಟುಗಳೆಲ್ಲ ಒಮ್ಮೆ ಹೊತ್ತುತ್ತವೆ. ಅದು ಬಲ್ಬ್ ಸರಿಯಿದೆಯೇ ಎಂಬ ಪರೀಕ್ಷೆ. ಎಂಜಿನ್ ಸ್ಟಾರ್ಟ್ ಆದ ಮೇಲೆ ಎಲ್ಲ ಆರಬೇಕು. ಬೈಕ್, ಸ್ಕೂಟರಿನ ಎಂಜಿನ್ ಲೈಟೂ ಹಾಗೇ. ಕೀ ಹಾಕಿದಾಗ ಹಳದಿ ಎಂಜಿನ್ ಲೈಟು ಹೊತ್ತಲೇ ಇಲ್ಲವೆಂದರೆ ಅದೂ ಒಂದು ದೋಷ. ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ಇದನ್ನು ಮರೆಯಬೇಡಿ.

ಹಸಿರು, ನೀಲಿ ಲೈಟುಗಳು ಬರೀ ಮಾಹಿತಿ. ಹಳದಿ ಎಂದರೆ ಬೇಗ ತೋರಿಸಿ. ಕೆಂಪು ಎಂದರೆ ಈಗಲೇ ನಿಲ್ಲಿಸಿ. ಕೆಂಪಿನಲ್ಲಿ ನಾಲ್ಕನ್ನು ಮನೆಯವರೆಲ್ಲ ತಿಳಿದಿರಬೇಕು.

ಎಣ್ಣೆ ಡಬ್ಬಿಯ ಚಿತ್ರ ಬಂದರೆ ಎಂಜಿನ್ ಆಯಿಲಿನ ಪ್ರೆಶರ್ ಇಲ್ಲ ಎಂದರ್ಥ. ‘ಇಲ್ಲೇ ಉಪ್ಪಳದವರೆಗೆ ಹೋಗಿ ನೋಡುವ’ ಎನ್ನಬೇಡಿ. ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ. ಸಮತಟ್ಟಾದ ಜಾಗದಲ್ಲಿ ಸ್ವಲ್ಪ ಹೊತ್ತು ಬಿಟ್ಟು ಆಯಿಲ್ ಎಷ್ಟಿದೆ ಎಂದು ತೋರಿಸುವ ಕಡ್ಡಿ (ಡಿಪ್ ಸ್ಟಿಕ್) ಎಳೆದು ನೋಡಿ. ಆಯಿಲ್ ಸರಿಯಾಗಿದ್ದೂ ಲೈಟು ಆರದಿದ್ದರೆ ಗಾಡಿಯನ್ನು ಎಳೆದುಕೊಂಡೇ ಹೋಗಬೇಕು.

ಥರ್ಮಾಮೀಟರ್ ಚಿತ್ರ ಕೆಂಪಾದರೆ ಎಂಜಿನ್ ಕುದಿಯುತ್ತಿದೆ. ಪಾಣತ್ತೂರಿನಿಂದ ಭಾಗಮಂಡಲದ ಕಡೆಗೆ ಘಾಟಿ ಹತ್ತುವಾಗ ಇದು ಬಂದರೆ ಎಸಿ ಆಫ್ ಮಾಡಿ, ಜಾಗ ನೋಡಿ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ಅರ್ಧ ಗಂಟೆಯಾದರೂ ಕಾಯಲೇಬೇಕು.

ಬ್ಯಾಟರಿ ಚಿತ್ರ ಬಂದರೆ ಚಾರ್ಜ್ ಆಗುತ್ತಿಲ್ಲ ಎಂದು ತಿಳಿಯಿರಿ. ಬ್ರೇಕ್ ಲೈಟು ಬಂದರೆ ಹ್ಯಾಂಡ್ ಬ್ರೇಕ್ ಬಿಟ್ಟಿದೆಯೇ ನೋಡಿ. ಬಿಟ್ಟಿದ್ದೂ ಆರದಿದ್ದರೆ ಬ್ರೇಕ್ ಆಯಿಲ್ ಕಡಿಮೆಯಾಗಿರಬಹುದು. ಅಂಥ ಗಾಡಿ ಓಡಿಸಬೇಡಿ.

ಹಳದಿ ಎಂಜಿನ್: ಸುಮ್ಮನೆ ಹೊತ್ತಿದೆಯೋ, ಮಿನುಗುತ್ತಿದೆಯೋ

ಕಾರಿನಲ್ಲಿ ಇದು ದೊಡ್ಡ ವ್ಯತ್ಯಾಸ. ಒಂದೇ ಸಮನೆ ಹೊತ್ತಿದ್ದು ಪಿಕಪ್ ಸರಿಯಿದ್ದರೆ ಮೆಲ್ಲಗೆ ಮನೆ ಸೇರಬಹುದು. ಮಿನುಗುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ. ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರ್ ದಾರಿಗೆ ಹೋಗಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನೇ ಹಾಳು ಮಾಡುತ್ತದೆ. ಅದು ದುಬಾರಿ ಸಾಮಾನು. ಆಕ್ಸಿಲರೇಟರ್ ಸಡಿಲಿಸಿ, ಗಾಡಿ ನಿಲ್ಲಿಸಿ ಫೋನ್ ಮಾಡಿ.

2020ರ ಏಪ್ರಿಲ್ 1ರಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂತು. 2023ರ ಏಪ್ರಿಲ್ 1ರಿಂದ ಅದರ ಎರಡನೇ ಹಂತ. ರಸ್ತೆಯಲ್ಲಿ ಓಡುವಾಗಲೂ ಹೊಗೆ ಮಿತಿಯೊಳಗಿದೆಯೇ ಎಂದು ಗಾಡಿಯ ಕಂಪ್ಯೂಟರು ಗಮನಿಸುತ್ತಲೇ ಇರುತ್ತದೆ. ಹಿಂದಿನ ಗಾಡಿಗಳು ಕಂಡೂ ಕಾಣದಂತೆ ಬಿಡುತ್ತಿದ್ದ ಸಣ್ಣ ವ್ಯತ್ಯಾಸಕ್ಕೂ ಹೊಸ ಗಾಡಿಯಲ್ಲಿ ಲೈಟು ಬರಬಹುದು.

ಡೀಸೆಲ್ ಗಾಡಿಯವರಿಗೆ ಒಂದು ಮಾತು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನ ಲೈಟು ಬಂದರೆ ಅದು ಕೆಟ್ಟಿದೆ ಎಂದಲ್ಲ, ತುಂಬಿದೆ ಎಂದು. ದಿನಾ ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಮಾತ್ರ ಓಡುವ ಗಾಡಿಯಲ್ಲಿ ಅದು ಬಿಸಿಯಾಗಿ ಮಸಿ ಉರಿಯುವುದೇ ಇಲ್ಲ. ತಲಪಾಡಿ–ಚೆಂಗಳ ನಡುವಿನ ಆರು ಪಥದ ಹೆದ್ದಾರಿಯಲ್ಲಿ ಹದಿನೈದಿಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಹೆಚ್ಚಾಗಿ ಆರುತ್ತದೆ. ಎಷ್ಟು ವೇಗ ಎಂಬುದು ಗಾಡಿಯ ಪುಸ್ತಕದಲ್ಲಿರುತ್ತದೆ.

ಫೋಟೋ ತೆಗೆಯಿರಿ, ಬಿಲ್ ಇಟ್ಟುಕೊಳ್ಳಿ

ನಿಲ್ಲಿಸಿದ ಮೇಲೆ, ಎಂಜಿನ್ ಆಫ್ ಮಾಡುವ ಮೊದಲೇ ಮೀಟರಿನ ಫೋಟೋ ತೆಗೆಯಿರಿ. ಕಿಲೋಮೀಟರ್ ಕಾಣಬೇಕು. ಕೆಂಪು ಲೈಟಾದರೆ ಮಾತ್ರ ಎಂಜಿನ್ ಆಫ್ ಮಾಡುವುದೇ ಮೊದಲು. ಮಳೆ ಇತ್ತೇ, ಗಾಡಿ ತೊಳೆದು ಬಂದ ಮರುದಿನವೇ, ಏರು ಹತ್ತುವಾಗಲೇ ಎಂದು ಎರಡು ಸಾಲು ಬರೆದಿಡಿ. ಪೆಟ್ರೋಲ್ ಎಲ್ಲಿ ಹಾಕಿಸಿದ್ದು ಎಂಬುದೂ ಬೇಕು. ಗಡಿಯಾಚೆ ಕರ್ನಾಟಕದಲ್ಲಿ ರೇಟು ಕಡಿಮೆ ಎಂದು ತಲಪಾಡಿ ದಾಟಿ ಟ್ಯಾಂಕ್ ತುಂಬಿಸುವವರು ನಮ್ಮಲ್ಲಿ ಬಹಳ ಜನ, ಅಲ್ವಾ? ಎಲ್ಲಿ ಹಾಕಿಸಿದರೂ ಬಿಲ್ ತೆಗೆದುಕೊಳ್ಳಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಕೂರುತ್ತವೆ, ಎಂಜಿನ್ ಎಡವುತ್ತದೆ. ಆಗ ಸೆನ್ಸರನ್ನು ಬೈದು ಪ್ರಯೋಜನವಿಲ್ಲ.

ಕೋಡ್ ಓದುವುದು

ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಇದು ಒಬಿಡಿ ಪೋರ್ಟ್. ಬ್ಲೂಟೂತ್ ಸ್ಕ್ಯಾನರ್ ಒಂದನ್ನು ಇದಕ್ಕೆ ಚುಚ್ಚಿದರೆ ಮೊಬೈಲಿನಲ್ಲೇ ಕೋಡ್, ಅಂದರೆ ಗಾಡಿಯ ಕಂಪ್ಯೂಟರು ಗುರುತಿಸಿದ ದೋಷದ ನಂಬರು, ಕಾಣುತ್ತದೆ. ಊರಿನ ಆಟೋ ಇಲೆಕ್ಟ್ರಿಷಿಯನ್ ಹತ್ತಿರವೂ ಇರಬಹುದು. ನೋಡಿದ ಮೇಲೆ ತೆಗೆದಿಡಿ. ಚುಚ್ಚಿಯೇ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ.

ಕೋಡ್ ‘ಪಿ’ಯಿಂದ ಶುರುವಾದರೆ ಎಂಜಿನ್, ಗೇರಿಗೆ ಸಂಬಂಧಿಸಿದ್ದು. ಅದರ ಮುಂದೆ 0 ಇದ್ದರೆ ಎಲ್ಲ ಕಂಪನಿಗೂ ಒಂದೇ ಅರ್ಥ, 1 ಇದ್ದರೆ ಆ ಕಂಪನಿಯದೇ ಅರ್ಥ. ಕೋಡಿನ ವಿವರಣೆಯಲ್ಲಿ ‘ಸರ್ಕ್ಯೂಟ್’ ಎಂಬ ಮಾತಿದೆಯೇ ನೋಡಿ. ಇದ್ದರೆ ಮೊದಲ ಸಂಶಯ ವಯರ್ ಮತ್ತು ಅದನ್ನು ಸೆನ್ಸರಿಗೆ ಜೋಡಿಸುವ ಕಪ್ಲರ್ ಮೇಲಿರಲಿ.

ಪಿ0118 ಅಂಥದ್ದು, ಕೂಲೆಂಟಿನ (ಎಂಜಿನ್ ತಣಿಸುವ ದ್ರವದ) ಬಿಸಿ ಅಳೆಯುವ ಸೆನ್ಸರಿನದ್ದು. ಈ ಸೆನ್ಸರಿನಲ್ಲಿ ಬಿಸಿ ಏರಿದ ಹಾಗೆ ಕರೆಂಟಿಗೆ ತಡೆ ಕಡಿಮೆಯಾಗುತ್ತದೆ. ವಯರ್ ತುಂಡಾದರೆ ತಡೆಗೆ ಮಿತಿಯೇ ಇಲ್ಲ. ಹಾಗಾಗಿ ಕಂಪ್ಯೂಟರಿನ ಲೆಕ್ಕದಲ್ಲಿ ಎಂಜಿನ್ ಮೈನಸ್ 40 ಡಿಗ್ರಿಯಲ್ಲಿರುತ್ತದೆ! ಕಾಸರಗೋಡಿನಲ್ಲಿ ಮೈನಸ್ 40 ಎಂದರೆ ನಗಬೇಕಷ್ಟೆ. ಕಂಪ್ಯೂಟರಿಗೂ ಅದು ಸುಳ್ಳೆಂದು ಗೊತ್ತಾಗಿ, ಎಂಜಿನ್ ಬಿಸಿಯೇರದಿರಲಿ ಎಂದು ಸಾಮಾನ್ಯವಾಗಿ ಫ್ಯಾನನ್ನು ಬಿಡದೆ ತಿರುಗಿಸುತ್ತದೆ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಹೀಗೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀ ಮಾತ್ರ ಆನ್ ಮಾಡಿ, ಸ್ಟಾರ್ಟ್ ಮಾಡಬೇಡಿ. ಮೊಬೈಲಿನಲ್ಲಿ ಲೈವ್ ಡೇಟಾ ತೆರೆದು ಕೂಲೆಂಟ್ ಮತ್ತು ಒಳಹೋಗುವ ಗಾಳಿಯ ಉಷ್ಣತೆ ನೋಡಿ. ಎರಡೂ ಅಂಗಳದ ಹವೆಗೆ ಹತ್ತಿರ, 25ರ ಆಸುಪಾಸು ಇರಬೇಕು. ಒಂದು ಮಾತ್ರ ಮೈನಸ್ 40 ತೋರಿಸಿದರೆ ವಯರ್ ಕಡಿದಿದೆ ಅಥವಾ ಕಪ್ಲರ್ ಕಳಚಿದೆ. ತಣ್ಣಗಿರುವ ಎಂಜಿನ್ 130ಕ್ಕಿಂತ ಮೇಲೆ ತೋರಿಸಿದರೆ ಎಲ್ಲೋ ಶಾರ್ಟ್ ಆಗಿದೆ. ಹತ್ತು ಹದಿನೈದು ಡಿಗ್ರಿ ತಪ್ಪಿದ್ದರೆ ಮಾತ್ರ ಸೆನ್ಸರ್ ಮೇಲೆ ಸಂಶಯ ಪಡಬಹುದು.

ಪಿ0171 ಬಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು. ಏರ್ ಫಿಲ್ಟರ್ ಬದಲಿಸಿದವರು ಪೈಪಿನ ಕ್ಲಿಪ್ ಸರಿಯಾಗಿ ಕೂರಿಸದೆ ಬಿಟ್ಟಿರಬಹುದು. ಪಿ0420 ಬಂದರೆ ಕನ್ವರ್ಟರಿನ ಹಿಂಬದಿಯ ಆಕ್ಸಿಜನ್ ಸೆನ್ಸರನ್ನು ಬದಲಿಸಲು ಆತುರ ಬೇಡ. ಕನ್ವರ್ಟರ್ ಕೆಲಸ ಮಾಡುತ್ತಿಲ್ಲ ಎಂದು ಹೇಳುತ್ತಿರುವುದೇ ಆ ಸೆನ್ಸರ್.

ಕೋಡನ್ನು ಅಳಿಸಬೇಡಿ. ಆ್ಯಪಿನಲ್ಲಿ ‘ಕ್ಲಿಯರ್’ ಬಟನ್ ಇದ್ದೇ ಇರುತ್ತದೆ, ಒತ್ತಬೇಕೆನಿಸುತ್ತದೆ. ದೋಷ ಬಂದ ಕ್ಷಣದ ವೇಗ, ಆರ್‌ಪಿಎಂ, ಬಿಸಿ ಇತ್ಯಾದಿಯನ್ನು ಕಂಪ್ಯೂಟರು ‘ಫ್ರೀಜ್ ಫ್ರೇಮ್’ ಎಂದು ಉಳಿಸಿಕೊಂಡಿರುತ್ತದೆ. ಕೋಡಿನ ಜೊತೆ ಅದೂ ಹೋಗುತ್ತದೆ. ಹೆಚ್ಚಿನ ದೋಷಗಳಿಗೆ ಒಂದೇ ಸಲಕ್ಕೆ ಲೈಟು ಹೊತ್ತುವುದಿಲ್ಲ, ಒಂದಕ್ಕಿಂತ ಹೆಚ್ಚು ಓಟದಲ್ಲಿ ಅದೇ ತೊಂದರೆ ಕಂಡರೆ ಹೊತ್ತುತ್ತದೆ. ಅಳಿಸಿದ ಲೈಟು ನಾಲ್ಕು ದಿನ ಬಿಟ್ಟು ಬರುವುದು ಹೀಗೆ.

ಬಾನೆಟ್ ತೆರೆದು ನೋಡಿ, ಮುಟ್ಟಬೇಡಿ

ನಮ್ಮ ಕಡೆ ಹೊಸ ಗಾಡಿಯ ದೊಡ್ಡ ಶತ್ರು ಇಲಿ. ಅಡಿಕೆ ತೋಟದ ಬದಿ, ಸೌದೆ ಕೊಟ್ಟಿಗೆ, ಸೋಗೆ ರಾಶಿಯ ಪಕ್ಕ ಗಾಡಿ ನಿಲ್ಲಿಸಿದರೆ ಅದು ಬಾನೆಟ್ ಒಳಗೆ ಸಂಸಾರ ಹೂಡುತ್ತದೆ. ತೆಂಗಿನ ನಾರು, ಹಿಕ್ಕೆ, ಕಡಿದ ವಯರಿನ ಚೂರು ಕಂಡರೆ ಫೋಟೋ ತೆಗೆಯಿರಿ. ಹೊಗೆಸೊಪ್ಪು ಕಟ್ಟಿ ಇಡುವವರಿದ್ದಾರೆ. ಆಟಿ ತಿಂಗಳ ಮಳೆಯಲ್ಲಿ ಎರಡು ವಾರ ಕಳೆದರೆ ಅದರ ವಾಸನೆ ಸಿಗುವುದು ನಮಗೆ ಮಾತ್ರ. ಗಾಡಿಯ ಜಾಗ ಬದಲಿಸುವುದು ವಾಸಿ. ಇಲಿ ಕಡಿದದ್ದು ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ. ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ.

ಇನ್ನೊಂದು, ಕಡಲ ಗಾಳಿ. ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಕರಾವಳಿಯ ಮನೆಗಳಲ್ಲಿ ಉಪ್ಪಿನ ತೇವ ಕಪ್ಲರ್ ಒಳಗೆ ಸೇರಿ ತಾಮ್ರದ ಪಿನ್ ಹಸಿರುಗಟ್ಟುತ್ತದೆ. ಜೋರು ನೀರು ಹಾಯಿಸಿ ಎಂಜಿನ್ ತೊಳೆಸುವುದೂ ಇದಕ್ಕೆ ಸಹಾಯ ಮಾಡುತ್ತದೆ. ವಾರಂಟಿ ಇರುವವರೆಗೆ ನೀವೇ ಬಿಚ್ಚಬೇಡಿ, ಹೊರಗೆ ವಯರ್ ಕತ್ತರಿಸಿ ಫಾಗ್ ಲ್ಯಾಂಪ್, ಕ್ಯಾಮೆರಾ ಹಾಕಿಸಬೇಡಿ. ಸೆನ್ಸರ್ ಕೆಟ್ಟಾಗ ‘ವಯರಿಂಗ್ ಮುಟ್ಟಿದ್ದೀರಿ’ ಎನ್ನಲು ಅದೇ ನೆಪವಾಗುತ್ತದೆ.

ಸರ್ವಿಸ್ ಸೆಂಟರಿನಲ್ಲಿ

ಜಾಬ್ ಕಾರ್ಡಿನಲ್ಲಿ ಬರೀ ‘ಜನರಲ್ ಚೆಕಪ್’ ಎಂದು ಬರೆಯಲು ಬಿಡಬೇಡಿ. ‘ಸಾರ್, ಇಂಥ ದಿನ, ಇಷ್ಟು ಕಿಲೋಮೀಟರಿಗೆ ಎಂಜಿನ್ ಲೈಟ್ ಬಂದಿದೆ, ಕೋಡ್ ಇದು, ಹಾಗೇ ಬರೆಯಿರಿ’ ಎಂದು ಕೇಳಿ. ಅಳಿಸುವ ಮೊದಲು ಫ್ರೀಜ್ ಫ್ರೇಮಿನ ಪ್ರಿಂಟ್ ಅಥವಾ ಫೋಟೋ ಕೊಡಿ ಎನ್ನಿ. ಸೆನ್ಸರ್ ಬದಲಿಸಿದರೆ ವಯರ್ ಪರೀಕ್ಷಿಸಿದ್ದೀರಾ ಎಂದು ವಿಚಾರಿಸಿ. ಹಣ ಕೊಡುವುದೇನೂ ಇಲ್ಲದಿದ್ದರೂ ಬಿಲ್ ತೆಗೆದುಕೊಳ್ಳಿ. ಅದೇ ತೊಂದರೆ ಎಷ್ಟು ಸಲ ಬಂತು ಎನ್ನುವುದಕ್ಕೆ ಈ ಕಾಗದಗಳೇ ಸಾಕ್ಷಿ.

ಮತ್ತೆ ಮತ್ತೆ ಬಂದರೆ ಕಂಪನಿಗೆ ಇಮೇಲ್ ಮಾಡಿ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗಡಿನಾಡಿನವರಿಗೆ ಬಹಳ ಉಪಯೋಗದ ಒಂದು ಅಂಶವಿದೆ. ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರು ಮಂಗಳೂರಿನಲ್ಲಿ ತೆಗೆದಿದ್ದರೂ ಮಂಜೇಶ್ವರದವರು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ಕೊಡಬೇಕು. ಪರೀಕ್ಷೆ ಬೇಕೆನಿಸಿದರೆ ಆಯೋಗವೇ ತಜ್ಞರಿಂದ ಗಾಡಿ ನೋಡಿಸಬಹುದು. ದೂರಿನ ಜೊತೆ ಜಾಬ್ ಕಾರ್ಡುಗಳು, ಮೀಟರಿನ ಫೋಟೋಗಳು, ಕಂಪನಿಗೆ ಕಳಿಸಿದ ಇಮೇಲ್ ಇವನ್ನೆಲ್ಲ ತಾರೀಕಿನ ಪ್ರಕಾರ ಜೋಡಿಸಿ ಕೊಡಿ.