ಸಿಮ್ಯುಲೇಶನ್ ಥಿಯರಿಯಿಂದ ಗೇಮ್ ಐಡಿಯಾ: ಜಗತ್ತು ಎಲ್ಲಿ ಉಳಿತಾಯ ಮಾಡುತ್ತಿದೆ ಅಂತ ಹುಡುಕಿ

ನಾವಿರುವ ಜಗತ್ತೇ ಯಾವುದೋ ಕಂಪ್ಯೂಟರ್ ಓಡಿಸುತ್ತಿರುವ ನಕಲು ಇರಬಹುದು ಅನ್ನುವ ಸಿಮ್ಯುಲೇಶನ್ ಥಿಯರಿ ಇಟ್ಟುಕೊಂಡು ಗೇಮ್ ಮಾಡೋಣ ಅಂತ ಕೂತರೆ ಎಲ್ಲರಿಗೂ ಮೊದಲು ಹೊಳೆಯುವ ಐಡಿಯಾ ಒಂದೇ. ನಾಯಕ ಮಾಮೂಲಿ ಬದುಕು ನಡೆಸುತ್ತಿರುತ್ತಾನೆ, ಎಲ್ಲೋ ಏನೋ ಎಡವಟ್ಟು ಕಾಣುತ್ತದೆ, ಕೊನೆಗೆ ಇದೆಲ್ಲ ಕಂಪ್ಯೂಟರ್ ಒಳಗಿನ ಜಗತ್ತು ಅಂತ ಗೊತ್ತಾಗುತ್ತದೆ. ನಮ್ಮ ಸಣ್ಣ ತಂಡದಲ್ಲಿ ಡಿಸೈನ್ ಕೆಲಸ ನನ್ನದು. ಚರ್ಚೆಗೆ ಕೂರುವಾಗ ಈ ಐಡಿಯಾವನ್ನು ನಾನೇ ಬೋರ್ಡ್ ಮೇಲೆ ಬರೆದು, ಅದರ ಮೇಲೆ ಗೀಟು ಹಾಕಿ, ಆಮೇಲೆ ಮಾತು ಶುರು ಮಾಡುತ್ತೇನೆ. ಕಾರಣ ಸರಳ. ಗೇಮ್ ಆಡುವವರಿಗೆ ತಾವು ಕಂಪ್ಯೂಟರ್ ಒಳಗಿನ ಜಗತ್ತಿನಲ್ಲಿದ್ದೇವೆ ಅಂತ ಮೊದಲ ಕ್ಷಣದಿಂದಲೇ ಗೊತ್ತು. ಸಿನಿಮಾದಲ್ಲಿ ಗುಟ್ಟಾಗಿ ಕೆಲಸ ಮಾಡುವ ಸಂಗತಿ ಇಲ್ಲಿ ಗುಟ್ಟೇ ಅಲ್ಲ.

ಆ ಗೀಟು ಬಿದ್ದ ಮೇಲೇ ನಿಜವಾದ ಕೆಲಸ ಶುರುವಾಗುತ್ತದೆ. ಅದಕ್ಕೆ ಮೂಲ ಲೇಖನ ಓದಿಕೊಳ್ಳುವುದು ಒಳ್ಳೆಯದು. ತತ್ವಜ್ಞಾನಿ ನಿಕ್ ಬಾಸ್ಟ್ರಮ್ 2003ರಲ್ಲಿ ಫಿಲಾಸಾಫಿಕಲ್ ಕ್ವಾರ್ಟರ್ಲಿ ಪತ್ರಿಕೆಯಲ್ಲಿ ಬರೆದದ್ದು ಅದು. ನಾವು ಸಿಮ್ಯುಲೇಶನ್‌ನಲ್ಲೇ ಇದ್ದೇವೆ ಅಂತ ಅವರು ಹೇಳಿಬಿಟ್ಟಿದ್ದಾರೆ ಅಂತ ಜನ ಅಂದುಕೊಂಡಿದ್ದಾರೆ. ಅವರು ಹೇಳಿದ್ದು ಮೂರರಲ್ಲಿ ಒಂದಾದರೂ ನಿಜ ಇರಬೇಕು ಅಂತ: ಅಂಥ ಸಿಮ್ಯುಲೇಶನ್ ಮಾಡುವ ಮಟ್ಟ ಮುಟ್ಟುವ ಮೊದಲೇ ನಮ್ಮಂಥ ನಾಗರಿಕತೆಗಳು ಹೆಚ್ಚುಕಡಿಮೆ ಅಳಿದುಹೋಗುತ್ತವೆ, ಇಲ್ಲವೇ ಆ ಮಟ್ಟ ಮುಟ್ಟಿದವರಿಗೆ ತಮ್ಮ ಪೂರ್ವಜರ ಸಿಮ್ಯುಲೇಶನ್ ನಡೆಸುವ ಆಸಕ್ತಿ ಇರುವುದಿಲ್ಲ, ಇಲ್ಲವೇ ನಾವು ಬಹುತೇಕ ಖಚಿತವಾಗಿ ಒಂದು ಸಿಮ್ಯುಲೇಶನ್ ಒಳಗೆ ಇದ್ದೇವೆ.

ಇದು ವಾದದ ಭಾಗ. ಡಿಸೈನರ್‌ಗೆ ಬೇಕಾದ್ದು ಅದೇ ಲೇಖನದಲ್ಲಿ ಬೇರೆ ಕಡೆ ಇದೆ, ಅದನ್ನು ಯಾರೂ ಜಾಸ್ತಿ ಮಾತಾಡುವುದಿಲ್ಲ. ಇಡೀ ವಿಶ್ವವನ್ನು ಕಣಕಣವಾಗಿ ಲೆಕ್ಕ ಹಾಕುವುದು ಆಗದ ಮಾತು, ಆದರೆ ಅಷ್ಟು ಬೇಕಾಗಿಯೂ ಇಲ್ಲ ಅಂತಾರೆ ಅವರು. ಭೂಮಿಯ ಒಳಗಿನ ಸೂಕ್ಷ್ಮ ರಚನೆಯನ್ನು ಬಿಟ್ಟುಬಿಡಬಹುದು. ದೂರದ ನಕ್ಷತ್ರಗಳನ್ನು ಒತ್ತಿ ಚಿಕ್ಕದು ಮಾಡಿ ಇಡಬಹುದು. ಯಾರಾದರೂ ಮೈಕ್ರೋಸ್ಕೋಪ್ ಹಿಡಿದು ನೋಡಿದಾಗ ಮಾತ್ರ ವಿವರ ತುಂಬಿದರೆ ಸಾಕು. ಎಲ್ಲಾದರೂ ತಪ್ಪು ಆಗಿ ಯಾರೋ ಗಮನಿಸಿದರೆ ಅವರ ಮಿದುಳನ್ನೇ ತಿದ್ದಬಹುದು, ಅಥವಾ ಕೆಲವು ಸೆಕೆಂಡ್ ಹಿಂದೆ ಹೋಗಿ ಮತ್ತೆ ಓಡಿಸಬಹುದು.

ಗೇಮ್ ಎಂಜಿನ್, ಅಂದರೆ ಗೇಮ್ ಓಡಿಸುವ ಸಾಫ್ಟ್‌ವೇರ್, ಜೊತೆ ಕೆಲಸ ಮಾಡಿದ ಯಾರಿಗಾದರೂ ಇದು ದಿನನಿತ್ಯದ ಮಾತು. ಕ್ಯಾಮೆರಾಗೆ ಕಾಣದ್ದನ್ನು ಚಿತ್ರಿಸಬೇಡ, ದೂರದ ಮರಕ್ಕೆ ಕಡಿಮೆ ವಿವರದ ಮಾಡೆಲ್ ಹಾಕು, ಆಚೆ ಬೀದಿಯ ಪಾತ್ರಗಳ ಯೋಚನೆಯನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಲೆಕ್ಕ ಹಾಕು. ಸೆಕೆಂಡಿಗೆ 60 ಫ್ರೇಮ್ (ತೆರೆ ಮೇಲೆ ಮೂಡುವ ಒಂದೊಂದು ಚಿತ್ರ) ಬೇಕು ಅಂದರೆ ಒಂದು ಫ್ರೇಮ್‌ಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಇಡೀ ಜಗತ್ತು ಮುಗಿಯಬೇಕು.

ಜಗತ್ತು ನಿಜವಲ್ಲದೆ ಇರಬಹುದು ಅನ್ನುವ ಯೋಚನೆ ಹಳೆಯದು. ಹಗ್ಗ-ಹಾವಿನ ಉದಾಹರಣೆ ನಮಗೆಲ್ಲ ಗೊತ್ತು. ಮೋಸ ಮಾಡುವ ದುಷ್ಟಶಕ್ತಿಯ ಬಗ್ಗೆ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ 1641ರಲ್ಲೇ ಬರೆದಿದ್ದಾನೆ. ಆದರೆ ಅಲ್ಲೆಲ್ಲೂ ಖರ್ಚಿನ ಲೆಕ್ಕ ಇಲ್ಲ. ಸಿಮ್ಯುಲೇಶನ್ ಅಂದ ಕೂಡಲೇ ಅದನ್ನು ಓಡಿಸುವ ಯಂತ್ರ ಇರಬೇಕು, ಆ ಯಂತ್ರಕ್ಕೆ ಮಿತಿ ಇರಬೇಕು, ಮಿತಿ ಇದ್ದ ಕಡೆ ಉಳಿತಾಯ ನಡೆದೇ ನಡೆಯುತ್ತದೆ. ನನ್ನ ಪ್ರಕಾರ ಗೇಮ್ ಇರುವುದು ಈ ಉಳಿತಾಯದಲ್ಲೇ.

ಹಾಗಾಗಿ ನಮ್ಮ ಚರ್ಚೆಗೆ ಒಂದು ನಿಯಮ ಇಟ್ಟಿದ್ದೇನೆ. ಮೊದಲು ಯಾರೂ ಮಾತಾಡುವ ಹಾಗಿಲ್ಲ, ಎಲ್ಲರೂ ಸುಮ್ನೆ ಕೂತು ಕಾರ್ಡ್‌ಗಳ ಮೇಲೆ ಬರೆಯಬೇಕು. ಯಂತ್ರ ಎಲ್ಲಿ ಉಳಿತಾಯ ಮಾಡುತ್ತಿದೆ, ಅದು ಆಟಗಾರನ ಕಣ್ಣಿಗೆ ಹೇಗೆ ಬೀಳುತ್ತದೆ, ಅದನ್ನು ಇಟ್ಟುಕೊಂಡು ಅವನು ಏನು ಮಾಡಬಹುದು. ಕೊನೆಯ ಸಾಲು ಕೈಯಿಂದ ಮಾಡುವ ಕೆಲಸವೇ ಆಗಿರಬೇಕು. ಸತ್ಯ ತಿಳಿಯುತ್ತದೆ, ಅನುಮಾನ ಬರುತ್ತದೆ ಅಂತೆಲ್ಲ ಬರೆದರೆ ಕಾರ್ಡ್ ವಾಪಸ್. ಕಥೆ, ಪಾತ್ರದ ಹೆಸರು, ಯಾವ ಕಾಲ ಅನ್ನುವುದೆಲ್ಲ ಆಮೇಲೆ. ಮೊದಲು ಮಾತಿಗೆ ಬಿಟ್ಟರೆ ದನಿ ಜೋರಿರುವವರ ಕಥೆಯ ಹಿಂದೆ ಎಲ್ಲರೂ ಹೊರಟುಬಿಡುತ್ತಾರೆ, ಅದಕ್ಕೇ ಈ ಮೌನ.

ಯಂತ್ರದ ಮಿತಿಯೇ ಆಟ ಆಗಬಹುದು ಅನ್ನುವುದಕ್ಕೆ ನಾನು ಯಾವಾಗಲೂ ತೋರಿಸುವುದು 1978ರ ಸ್ಪೇಸ್ ಇನ್‌ವೇಡರ್ಸ್. ಈ ಗೇಮ್‌ನಲ್ಲಿ ಶತ್ರುಗಳು ಕಡಿಮೆ ಆದಷ್ಟೂ ಉಳಿದವು ವೇಗವಾಗಿ ಬರುತ್ತವೆ. ಚಿತ್ರಿಸಬೇಕಾದ್ದು ಕಡಿಮೆಯಾಗಿ ಪ್ರೊಸೆಸರ್ ಮೇಲಿನ ಭಾರ ಇಳಿದಿದ್ದೇ ಅದಕ್ಕೆ ಕಾರಣ. ಮಾಡಿದ ತೊಮೊಹಿರೊ ನಿಶಿಕಾಡೊ ಅದನ್ನು ಸರಿಪಡಿಸಲು ಹೋಗದೆ ಹಾಗೇ ಬಿಟ್ಟರು. ಆ ಆಟದ ಎದೆಬಡಿತ ಇರುವುದೇ ಅಲ್ಲಿ.

ಅಲ್ಲಿಂದ ನಮಗೆ ಬಂದ ಒಂದು ಐಡಿಯಾ: ಯಂತ್ರವನ್ನು ಸುಸ್ತು ಮಾಡುವುದು. ನಿಮ್ಮ ಹಿಂದೆ ಕಾವಲುಗಾರ ಬಿದ್ದಿದ್ದಾನೆ. ಅವನ ಬುದ್ಧಿಗೂ, ಸುತ್ತಲಿನ ವಿವರಕ್ಕೂ ಯಂತ್ರದ ಶಕ್ತಿಯ ಒಂದೇ ಬಜೆಟ್. ನೀವು ಕನ್ನಡಿಗಳಿರುವ ಕೋಣೆಗೆ ಓಡಿದರೆ, ಮರದಲ್ಲಿದ್ದ ಹಕ್ಕಿಗಳನ್ನೆಲ್ಲ ಎಬ್ಬಿಸಿದರೆ, ಬಜೆಟ್ ಅತ್ತ ಹೋಗುತ್ತದೆ, ಕಾವಲುಗಾರ ಮಂಕಾಗುತ್ತಾನೆ, ಮೂಲೆಯಲ್ಲಿ ತಿರುಗುವುದನ್ನೂ ಮರೆಯುತ್ತಾನೆ. ಖಾಲಿ ಗೋಡೆಯ ಕೋಣೆಗೆ ಹೋದರೆ ಅವನಷ್ಟು ಚುರುಕು ಬೇರೆ ಯಾರೂ ಇಲ್ಲ. ನನಗೆ ಇದು ಇವತ್ತಿಗೂ ಇಷ್ಟ. ಇದರಲ್ಲಿ ಒಂದು ಎಚ್ಚರ ಬೇಕು. ಬಜೆಟ್ ಅನ್ನುವುದು ನಾವು ಬರೆದ ಲೆಕ್ಕ ಆಗಿರಬೇಕು, ಆಟಗಾರನ ಕಂಪ್ಯೂಟರ್‌ನ ನಿಜವಾದ ಶಕ್ತಿ ಆಗಿರಬಾರದು. ಇಲ್ಲದಿದ್ದರೆ ಹೊಸ ಮೆಷಿನ್ ಇದ್ದವನಿಗೆ ಕಾವಲುಗಾರ ಯಾವತ್ತೂ ಮಂಕಾಗುವುದಿಲ್ಲ.

ಇನ್ನೊಂದು ಐಡಿಯಾ ನಿಂತಿರುವುದು ಸೀಡ್, ಅಂದರೆ ಆರಂಭದ ಸಂಖ್ಯೆ, ಮೇಲೆ. ಕಂಪ್ಯೂಟರ್‌ನ ಸಾಮಾನ್ಯ ರ‍್ಯಾಂಡಮ್ ಸಂಖ್ಯೆಗಳು ನಿಜಕ್ಕೂ ರ‍್ಯಾಂಡಮ್ ಅಲ್ಲ. ಒಂದು ಸೀಡ್ ಸಂಖ್ಯೆ ಕೊಟ್ಟರೆ ಅದರಿಂದ ಹುಟ್ಟುವ ಸಾಲು ಪ್ರತಿ ಸಲವೂ ಅದೇ. ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ 1984ರ ಬಾಹ್ಯಾಕಾಶ ಗೇಮ್ ಆದ ಎಲೀಟ್‌ನಲ್ಲಿ 256 ನಕ್ಷತ್ರಗಳ 8 ಗ್ಯಾಲಕ್ಸಿಗಳನ್ನು 32 ಕಿಲೋಬೈಟ್ ಮೆಮೊರಿಯ ಕಂಪ್ಯೂಟರ್‌ನಲ್ಲಿ ಕೂರಿಸಿದ್ದು ಇದೇ ಉಪಾಯದಿಂದ. ಯಾವುದನ್ನೂ ಸೇವ್ ಮಾಡಿ ಇಡುವುದು ಬೇಡ, ಬೇಕಾದಾಗ ಮತ್ತೆ ಹುಟ್ಟಿಸಿದರಾಯಿತು. ಹಾಗಾದರೆ ಆ ಜಗತ್ತಿನ ಒಳಗೆ ಇರುವವನಿಗೆ ವಿಧಿ ಅಂದರೆ ಮೊದಲೇ ಬರೆದಿಟ್ಟ ಸಂಖ್ಯೆಗಳ ಸಾಲು. ಅವನು ಸಾಲನ್ನು ಬದಲಾಯಿಸಲಾರ. ಆದರೆ ಯಾವ ಸಂಖ್ಯೆ ಯಾರ ಪಾಲಿಗೆ ಬೀಳುತ್ತದೆ ಅನ್ನುವುದನ್ನು ಬದಲಾಯಿಸಬಹುದು!

ಇದನ್ನು ಕೋಡ್ ಬರೆಯದೆ ಕಾಗದದ ಮೇಲೇ ನೋಡಿದೆವು. ಒಂದು ಉದ್ದನೆ ಕಾಗದದ ಪಟ್ಟಿ ಮೇಲೆ 5, 2, 6, 1, 4, 3 ಅಂತ ಬರೆದು ಮಡಚಿಟ್ಟೆ. ಪ್ರತಿ ಸರದಿಯ ಕೊನೆಗೆ ಕಾವಲುಗಾರ ಒಂದು ಸಂಖ್ಯೆ ತೆಗೆದುಕೊಳ್ಳುತ್ತಾನೆ. 1 ಅಥವಾ 2 ಬಂದರೆ ಹಿಂದೆ ತಿರುಗಿ ನೋಡುತ್ತಾನೆ, ನೀವು ಸಿಕ್ಕಿಬಿದ್ದಿರಿ, ದಿನ ಮತ್ತೆ ಮೊದಲಿನಿಂದ ಶುರು, ಸಾಲು ಅದೇ. ಆಟಗಾರ ಕಲ್ಲು ಎಸೆದರೂ ಒಂದು ಸಂಖ್ಯೆ ಖರ್ಚಾಗುತ್ತದೆ. ಮೊದಲು ಎಲ್ಲರೂ ಎರಡನೇ ಸರದಿಯಲ್ಲೇ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಅಲ್ಲಿ 2 ಕಾಯುತ್ತಿದೆ. ಆಮೇಲೆ ಒಬ್ಬರು ಸುಮ್ನೆ ಒಂದು ಕಲ್ಲು ಎಸೆಯುತ್ತಾರೆ. ಆ 2 ಕಲ್ಲಿನ ಪಾಲಿಗೆ ಹೋಯಿತು, ಕಾವಲುಗಾರನಿಗೆ 6 ಬಂತು, ಅವನು ತಿರುಗಲಿಲ್ಲ. ಆ ಕ್ಷಣ ಅವರ ಮುಖ ನೋಡಬೇಕು. ಪೆನ್ನು ಕೊಡಿ ಅಂತ ಅವರೇ ಕೇಳುತ್ತಾರೆ, ಸಂಖ್ಯೆ ಬರೆದುಕೊಳ್ಳಲು ಶುರು ಮಾಡುತ್ತಾರೆ. ಮಳೆಯನ್ನೂ ಇದೇ ಸಾಲಿಗೆ ಕಟ್ಟಿದರೆ, ಒಂದು ಕಲ್ಲು ಎಸೆದು ನಾಳೆಯ ಮಳೆ ತಪ್ಪಿಸುವ ಆಟ ಇದು. ಸಿಮ್ಯುಲೇಶನ್ ಅನ್ನುವ ಪದ ಎಲ್ಲೂ ಬರುವುದು ಬೇಡ, ಕೈಗೆ ಅದು ಅರ್ಥ ಆಗಿರುತ್ತದೆ.

ತಪ್ಪು ಗಮನಿಸಿದವರ ಮಿದುಳು ತಿದ್ದುವ ಮಾತಿನಿಂದಲೂ ಒಂದು ಕಾರ್ಡ್ ಬಂತು. ಗೇಮ್ ಒಳಗೆ ನಿಮಗೊಂದು ಡೈರಿ. ನೀವು ಕಂಡ ವಿಚಿತ್ರಗಳನ್ನು ಅದರಲ್ಲಿ ಬರೆಯುತ್ತೀರಿ, ಮಲಗಿ ಎದ್ದಾಗ ಒಂದು ಸಾಲು ಮೆತ್ತಗೆ ಬದಲಾಗಿರುತ್ತದೆ. ಬಾಗಿಲು ನೀಲಿ ಇತ್ತು ಅಂತ ಬರೆದದ್ದು ಹಸಿರು ಅಂತ ಆಗಿರುತ್ತದೆ, ಬಾಗಿಲೂ ಹಸಿರೇ. ಗೇಮ್ ಒಳಗಿನ ಯಾವುದನ್ನೂ ನಂಬುವ ಹಾಗಿಲ್ಲ. ನಂಬಬಹುದಾದ್ದು ಆಟಗಾರ ತನ್ನ ಮೇಜಿನ ಮೇಲೆ ನಿಜವಾದ ಪೆನ್ನಿನಿಂದ ಬರೆದುಕೊಂಡದ್ದು ಮಾತ್ರ. ಇದನ್ನು ಆಟ ಹೇಳಿಕೊಡಬಾರದು. ಆಟಗಾರನೇ ಕಂಡುಕೊಳ್ಳಬೇಕು.

ಕೆಲವು ಕಾರ್ಡ್‌ಗಳನ್ನು ಬೇಗ ಪಕ್ಕಕ್ಕೆ ಇಟ್ಟೆವು. ಸಿಮ್ಯುಲೇಶನ್ ಒಳಗೆ ಸಿಮ್ಯುಲೇಶನ್, ಅದರೊಳಗೆ ಇನ್ನೊಂದು. ಯೋಚನೆ ಚೆನ್ನಾಗಿದೆ, ಒಳಗಿನವರು ತಮ್ಮದೇ ಸಿಮ್ಯುಲೇಶನ್ ಶುರು ಮಾಡಿದರೆ ಖರ್ಚು ತಡೆಯದೆ ಹೊರಗಿನವರು ಎಲ್ಲ ನಿಲ್ಲಿಸಿಬಿಡಬಹುದು ಅಂತ ಬಾಸ್ಟ್ರಮ್ ಕೂಡ ಹೇಳಿದ್ದಾರೆ. ಆದರೆ ಪ್ರತಿ ಪದರಕ್ಕೂ ಬೇರೆ ಜಗತ್ತು ಕಟ್ಟಬೇಕು, ಸಣ್ಣ ತಂಡಕ್ಕೆ ಅದು ಆಗದು. ಬೆಳಕಿನ ವೇಗಕ್ಕೆ ಮಿತಿ ಇರುವುದು ಯಂತ್ರದ ಮಿತಿಯ ಗುರುತು ಅಂತ ಒಬ್ಬರು ಬರೆದಿದ್ದರು. ಭೌತಶಾಸ್ತ್ರದಲ್ಲಿ ಅದಕ್ಕೆ ಪುರಾವೆ ಇಲ್ಲ, ಗೇಮ್‌ಗೆ ಅದು ಅಡ್ಡಿಯೂ ಅಲ್ಲ, ಆದರೆ ಆಟಗಾರ ಏನು ಮಾಡಬೇಕು ಅನ್ನುವ ಸಾಲು ಖಾಲಿ ಇತ್ತು.

ಕೊನೆಗೆ ನಾವು ಕಟ್ಟಲು ಹಿಡಿದದ್ದು ಕೇಂದ್ರದ ಆಟ. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಎಷ್ಟೋ ಎಂಜಿನ್‌ಗಳು ವಸ್ತು ಎಲ್ಲಿದೆ ಅನ್ನುವುದನ್ನು 32 ಬಿಟ್ ಫ್ಲೋಟ್ ಸಂಖ್ಯೆಯಲ್ಲಿ ಇಡುತ್ತವೆ, ಅದು ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ ಒಂದು ಬಗೆ. ಅದರಲ್ಲಿ ಸೊನ್ನೆಯ ಹತ್ತಿರ ನಿಖರತೆ ತುಂಬಾ ಚೆನ್ನಾಗಿರುತ್ತದೆ, ದೂರ ಹೋದ ಹಾಗೆ ಹೆಜ್ಜೆ, ಅಂದರೆ ಪಕ್ಕಪಕ್ಕದ ಎರಡು ಸಂಖ್ಯೆಗಳ ನಡುವಿನ ಅಂತರ, ಒರಟಾಗುತ್ತದೆ. ಒಂದು ಲಕ್ಷ ಮೀಟರ್ ದೂರದಲ್ಲಿ ಒಂದು ಹೆಜ್ಜೆ ಸುಮಾರು 8 ಮಿಲಿಮೀಟರ್. 1,67,77,216 ದಾಟಿದರೆ ಎಲ್ಲ ಪೂರ್ಣಾಂಕಗಳನ್ನೂ ಹಿಡಿದಿಡಲು ಆಗುವುದಿಲ್ಲ. ಪಾತ್ರ ನಡುಗುತ್ತದೆ, ಕೈ ಎಲ್ಲೋ, ಕೋಲು ಎಲ್ಲೋ. ದೊಡ್ಡ ಜಗತ್ತು ಕಟ್ಟುವವರು ಇದಕ್ಕೆ ಒಂದು ಉಪಾಯ ಮಾಡುತ್ತಾರೆ. ಆಟಗಾರ ದೂರ ಹೋದಾಗ ಇಡೀ ಜಗತ್ತನ್ನು ಹಿಂದಕ್ಕೆ ಸರಿಸಿ ಅವನನ್ನು ಮತ್ತೆ ಸೊನ್ನೆಗೆ ತಂದು ನಿಲ್ಲಿಸುತ್ತಾರೆ. ಅಂದರೆ ಜಗತ್ತಿನ ಕೇಂದ್ರ ನಿಜಕ್ಕೂ ನೀವೇ.

ಇಬ್ಬರು ಆಟಗಾರರಿದ್ದರೆ? ಆನ್‌ಲೈನ್ ಗೇಮ್‌ಗಳಲ್ಲಿ ಇದಕ್ಕೆ ಬೇರೆ ಬೇರೆ ದಾರಿಗಳಿವೆ. ನಾವು ಬೇಕಂತಲೇ ಅವನ್ನು ಬಿಟ್ಟು, ಕೇಂದ್ರ ಒಂದೇ, ಒಂದು ಹೊತ್ತಿಗೆ ಒಬ್ಬರಿಗೇ ಅಂತ ಇಟ್ಟೆವು. ಗ್ರಾಫ್ ಹಾಳೆ ಮೇಲೆ ಆಡಿ ನೋಡಿದೆವು. ಕೇಂದ್ರದಿಂದ 8 ಚೌಕದವರೆಗೆ ಒಂದೊಂದೇ ಚೌಕ ನಡೆಯಬಹುದು. 8ರಿಂದ 16ರವರೆಗೆ ಎರಡೆರಡು, ಅಲ್ಲಿಂದ 32ರವರೆಗೆ ನಾಲ್ಕು ನಾಲ್ಕು. ಫ್ಲೋಟ್ ಕೂಡ ಹೀಗೇ ದೂರ ಎರಡು ಪಟ್ಟಾದಾಗ ಹೆಜ್ಜೆಯೂ ಎರಡು ಪಟ್ಟಾಗುತ್ತದೆ. ಈಗ 21ನೇ ಚೌಕದಲ್ಲಿ ಒಂದು ಚೌಕದ ಅಗಲದ ಸೇತುವೆ ಇದೆ. ದೂರ ಇರುವವನು 20ಕ್ಕೆ ಕಾಲಿಡುತ್ತಾನೆ, ಆಮೇಲೆ 24ಕ್ಕೆ. 21 ಅವನ ಪಾಲಿಗೆ ಇಲ್ಲವೇ ಇಲ್ಲ. ಸೇತುವೆ ಕಣ್ಣೆದುರೇ ಕಾಣುತ್ತಿದೆ, ಕಾಲಿಡಲು ಆಗುತ್ತಿಲ್ಲ. ಜೊತೆಯವನು ಕೇಂದ್ರ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ಕೂಡಲೇ ಅವನ ಸುತ್ತಲಿನ ಜಗತ್ತು ಒರಟಾಗುತ್ತದೆ, ಅವನು ಜೋಡಿಸಿಟ್ಟ ವಸ್ತುಗಳೆಲ್ಲ ಹತ್ತಿರದ ದೊಡ್ಡ ಹೆಜ್ಜೆಗೆ ಜಿಗಿಯುತ್ತವೆ, ಗೋಡೆಯ ಈಚೆ ಇದ್ದ ಕೀ ಆಚೆ ಹೋಗಿ ಬೀಳಬಹುದು.

ಇಲ್ಲಿಯವರೆಗೆ ನಾವು ಜಾಸ್ತಿ ಜಗಳಾಡಿದ್ದು ಬಟನ್ ಬಗ್ಗೆ. ಕೇಂದ್ರ ವರ್ಗಾಯಿಸುವ ಬಟನ್ ಆಗ ಕೇಂದ್ರ ಇರುವವನ ಹತ್ತಿರ ಇರಬೇಕಾ, ಬೇಕಾದವನ ಹತ್ತಿರವಾ? ಬೇಕಾದವನ ಕೈಗೆ ಕೊಟ್ಟು ಆಡಿಸಿದಾಗ ಅದು ಕಿತ್ತಾಟ ಆಯಿತು, ಇಬ್ಬರೂ ಬಟನ್ ಒತ್ತುವ ವೇಗದಲ್ಲೇ ಮುಳುಗಿದರು. ಇರುವವನ ಕೈಗೆ ಕೊಟ್ಟಾಗ ಮಾತು ಶುರುವಾಯಿತು. ಇನ್ನು ಸ್ವಲ್ಪ ಹೊತ್ತು, ಇದೊಂದು ಮುಗಿಸಿ ಕೊಡ್ತೀನಿ, ನೀನು ಆಗಲೇ ಹಾಗೆ ಅಂದೆ, ಈ ಥರ. ಅದನ್ನೇ ಉಳಿಸಿಕೊಂಡೆವು.

ಈಗ ಬಾಕಿ ಇರುವುದು ದನಿ. ದೂರದವನ ನಡಿಗೆ ಒರಟಾದ ಹಾಗೆ ಅವನ ಮಾತೂ ಒಡೆದು ಕೇಳಬೇಕು ಅಂತ ತಂಡದಲ್ಲಿ ಅರ್ಧ ಜನ. ಮಾತು ಸ್ಪಷ್ಟವಾಗಿಯೇ ಇರಲಿ ಅಂತ ನನ್ನ ವಾದ, ಯಾಕೆಂದರೆ ಕೇಳಿಸಲೇ ಇಲ್ಲ ಅನ್ನುವ ನೆಪ ಸಿಕ್ಕರೆ ಬಿಟ್ಟುಕೊಡದೆ ಇರುವುದು ತುಂಬಾ ಸುಲಭ ಆಗಿಬಿಡುತ್ತದೆ. ಮುಂದಿನ ಸಲ ಆಡಿಸಿ ನೋಡುವ ಪ್ಲೇಟೆಸ್ಟ್‌ನಲ್ಲಿ ಎರಡನ್ನೂ ಇಟ್ಟು ನೋಡುತ್ತೇವೆ.