ಜರ್ಮನಿಯ ಕರೆಂಟ್ ಬಿಲ್: ದಾವಣಗೆರೆ, ಚಿತ್ರದುರ್ಗದಿಂದ ಹೊರಟವರಿಗೆ

ಮೊದಲೇ ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ತಿಂಗಳು ತಿಂಗಳು ಕರೆಂಟಿಗೆಂದು ನಿಮ್ಮ ಅಕೌಂಟಿನಿಂದ ಹೋಗುವ ದುಡ್ಡು ಬಿಲ್ ಅಲ್ಲ. ಅದು ಮುಂಗಡ. ನಿಜವಾದ ಬಿಲ್ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬರುತ್ತದೆ. ಇದೊಂದು ತಲೆಗೆ ಹೋದರೆ ಮುಕ್ಕಾಲು ಪಾಲು ಗೊಂದಲ ಮುಗಿಯಿತು.

ನಮ್ಮ ಕಡೆ ಹಾಗಲ್ಲ ನೋಡಿ. ಬೆಸ್ಕಾಂನ ಮೀಟರ್ ರೀಡರ್ ತಿಂಗಳಿಗೊಮ್ಮೆ ಬರುತ್ತಾರೆ. ರೀಡಿಂಗ್ ನೋಡಿ, ಕೈಯಲ್ಲಿರುವ ಮಷೀನಿನಿಂದ ಚೀಟಿ ಹರಿದು ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ. ಹೋದ ತಿಂಗಳು ಎಷ್ಟು ಸುಟ್ಟಿದ್ದೀವೋ ಅಷ್ಟಕ್ಕೆ ದುಡ್ಡು. 2023ರಲ್ಲಿ ಗೃಹಜ್ಯೋತಿ ಬಂದ ಮೇಲಂತೂ ಎಷ್ಟೋ ಮನೆಗಳ ಚೀಟಿಯಲ್ಲಿ ಕೊನೆಗೆ ಸೊನ್ನೆಯೇ ಇರುತ್ತದೆ. ಅಂಥ ಮನೆಯಿಂದ ಹೋದ ಹುಡುಗನಿಗೆ ಒಂದು ವರ್ಷದ ಮೇಲೆ ದಿಢೀರ್ ಅಂತ ನೂರಾರು ಯೂರೊ ಬಾಕಿ ಅಂತ ಕಾಗದ ಬಂದರೆ ಎದೆ ಧಸಕ್ ಅನ್ನುತ್ತದೆ. ಫೋಟೊ ತೆಗೆದು ಅಪ್ಪನಿಗೆ ಕಳಿಸುತ್ತಾನೆ. ನಾನು ಹಲವು ವರ್ಷ ಅಲ್ಲಿದ್ದು ಊರಿಗೆ ಮರಳಿದವನು ಅಂತ ಅಪ್ಪ ಆ ಫೋಟೊ ಹಿಡಿದುಕೊಂಡು ಪಿ.ಜೆ. ಬಡಾವಣೆಯ ನಮ್ಮ ಮನೆಗೆ ಬರುತ್ತಾರೆ. "ತಿಂಗ್ಳಾ ತಿಂಗ್ಳಾ ಕಟ್ಟಿದಾನಂತಲ್ರೀ, ಮತ್ತೆ ಇದ್ಯಾವ್ದು ಹೊಸಾ ಬಿಲ್ಲು?"

ತಿಂಗಳ ಆ ಮುಂಗಡಕ್ಕೆ ಅಲ್ಲಿ ಅಬ್‌ಶ್ಲಾಗ್ ಅನ್ನುತ್ತಾರೆ. ಈ ಮನೆಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಆಗಬಹುದು ಅಂತ ಕಂಪನಿ ಅಂದಾಜು ಮಾಡುತ್ತದೆ. ಅದನ್ನು ಹನ್ನೊಂದು ಇಲ್ಲವೇ ಹನ್ನೆರಡು ಕಂತು ಮಾಡಿ ವಸೂಲಿ ಮಾಡುತ್ತದೆ. ವರ್ಷ ಮುಗಿದ ಮೇಲೆ ಮೀಟರ್ ನೋಡಿ ಲೆಕ್ಕ ಚುಕ್ತಾ. ಕಡಿಮೆ ಬಿದ್ದಿದ್ದರೆ ನೀವು ಕೊಡಬೇಕು, ಅದು ನಾಖ್‌ತ್ಸಾಲುಂಗ್. ಜಾಸ್ತಿ ಕಟ್ಟಿದ್ದರೆ ಅವರು ಕೊಡಬೇಕು, ಅದು ಗುಟ್‌ಹಾಬೆನ್. ಲೆಕ್ಕದ ವರ್ಷ ಮುಗಿದ ಆರು ವಾರದೊಳಗೆ ಬಿಲ್ ಕಳಿಸಬೇಕು ಅಂತ ಅಲ್ಲಿನ ಕಾನೂನೇ ಇದೆ. ನಿಮಗೆ ಬರಬೇಕಾದ ದುಡ್ಡನ್ನು ಮುಂದಿನ ಕಂತಿನಲ್ಲಿ ಮುರಿದುಕೊಳ್ಳಬೇಕು, ಇಲ್ಲವೇ ಎರಡು ವಾರದಲ್ಲಿ ವಾಪಸ್ ಕೊಡಬೇಕು.

ನಿಟ್ಟುವಳ್ಳಿಯ ಪರಿಚಯದವರೊಬ್ಬರ ಮಗಳು ಮಾಗ್ಡೆಬುರ್ಗ್‌ನಲ್ಲಿ ಓದುತ್ತಿದ್ದಾಳೆ. ಅವಳ ಬಿಲ್ಲನ್ನೇ ನೋಡೋಣ. ವರ್ಷಕ್ಕೆ 1,700 ಯೂನಿಟ್ ಆಗಬಹುದು ಅಂತ ಅಂದಾಜು ಮಾಡಿ ತಿಂಗಳಿಗೆ 60 ಯೂರೊ ಹಾಕಿದ್ದರು. ಹನ್ನೆರಡು ಕಂತಿಗೆ 720 ಯೂರೊ ಕಟ್ಟಿದ್ದಾಳೆ. ಮೀಟರಿನಲ್ಲಿ ಓಡಿದ್ದು 2,100 ಯೂನಿಟ್. ತೆರಿಗೆ ಸೇರಿ ಯೂನಿಟ್‌ಗೆ 34 ಸೆಂಟ್, ಅಂದರೆ 714 ಯೂರೊ. ಅದರ ಮೇಲೆ ತಿಂಗಳಿಗೆ 12 ಯೂರೊ ನಿಗದಿತ ಶುಲ್ಕ, ವರ್ಷಕ್ಕೆ 144. ಒಟ್ಟು 858. ಕಟ್ಟಿದ 720 ಕಳೆದರೆ ಬಾಕಿ 138 ಯೂರೊ. ಇಷ್ಟೇ ಲೆಕ್ಕ. ಆದರೆ ಅದೇ ಕಾಗದದ ಕೆಳಗೆ ಇನ್ನೊಂದು ಸಾಲು ಇತ್ತು: ಮುಂದಿನ ತಿಂಗಳಿಂದ ಕಂತು 72 ಯೂರೊ. ಬಾಕಿಯೂ ಕಟ್ಟಬೇಕು, ಕಂತೂ ಏರಿತು. ಒಂದೇ ಖರ್ಚಿಗೆ ಎರಡು ಸಲ ದುಡ್ಡು ಕೀಳುತ್ತಿದ್ದಾರೆ ಅಂತ ಅವಳ ಅಪ್ಪ ಸಿಟ್ಟಾಗಿದ್ದರು. ಹಾಗಲ್ಲ. ಬಾಕಿ ಹೋದ ವರ್ಷದ್ದು, ಏರಿದ ಕಂತು ಬರುವ ವರ್ಷದ್ದು.

ಅಂಕಿ ಓದುವಾಗ ಒಂದು ಎಚ್ಚರ. ಜರ್ಮನರು ನಮ್ಮ ಚುಕ್ಕಿ ಇರುವಲ್ಲಿ ಕಾಮಾ ಹಾಕುತ್ತಾರೆ, ಕಾಮಾ ಇರುವಲ್ಲಿ ಚುಕ್ಕಿ ಇಡುತ್ತಾರೆ. 2.100 ಅಂತ ಇದ್ದರೆ ಅದು ಎರಡು ಸಾವಿರದ ನೂರು ಯೂನಿಟ್. 34,00 ಅಂದರೆ ಮೂವತ್ನಾಲ್ಕು ಸೆಂಟ್, ಮೂರು ಸಾವಿರದ ನಾನೂರು ಅಲ್ಲ. ಈ ಲೇಖನದಲ್ಲಿ ಅಂಕಿಗಳು ನಮ್ಮ ಪದ್ಧತಿಯಲ್ಲೇ ಇವೆ.

ಬಿಲ್ಲಿನಲ್ಲಿ ನಿಜಕ್ಕೂ ಎರಡೇ ದರ. ಯೂನಿಟ್‌ಗೆ ಇಷ್ಟು ಸೆಂಟ್ ಅನ್ನುವುದು ಆರ್ಬೈಟ್ಸ್‌ಪ್ರೈಸ್. ದೀಪ ಹಚ್ಚಿದರೂ ಹಚ್ಚದಿದ್ದರೂ ಕಟ್ಟಬೇಕಾದದ್ದು ಗ್ರುಂಟ್‌ಪ್ರೈಸ್. ನಮ್ಮಲ್ಲೂ ನಿಗದಿತ ಶುಲ್ಕ ಇದೆ, ಆದರೆ ಅದು ಮಂಜೂರಾದ ಕಿಲೋವ್ಯಾಟ್ ಮೇಲೆ. ಅಲ್ಲಿ ಸಾಮಾನ್ಯ ಮನೆಗೆ ಆ ಲೆಕ್ಕ ಇಲ್ಲ. ರಜೆಗೆ ಊರಿಗೆ ಬಂದಾಗಲೂ ಗ್ರುಂಟ್‌ಪ್ರೈಸ್ ಓಡುತ್ತಲೇ ಇರುತ್ತದೆ.

ಇನ್ನು ಆ 34 ಸೆಂಟಿನ ಹೊಟ್ಟೆಯೊಳಗೆ ಏನಿದೆ? ಕರೆಂಟಿನ ಬೆಲೆ ಅದರಲ್ಲಿ ಒಂದು ಭಾಗ ಮಾತ್ರ. ತಂತಿ, ಕಂಬ, ಟ್ರಾನ್ಸ್‌ಫಾರ್ಮರಿನ ಬಾಡಿಗೆ ನೆಟ್ಸ್‌ಎಂಟ್‌ಗೆಲ್ಟ್. ಅದು ಊರಿಂದ ಊರಿಗೆ ಬದಲಾಗುತ್ತದೆ. ಕರೆಂಟ್ ತೆರಿಗೆ ಯೂನಿಟ್‌ಗೆ 2.05 ಸೆಂಟ್. ಎಲ್ಲದರ ಮೇಲೆ 19% ಮೌಲ್ಯವರ್ಧಿತ ತೆರಿಗೆ, ಕರೆಂಟ್ ತೆರಿಗೆಯ ಮೇಲೂ. ತೆರಿಗೆಗೆ ತೆರಿಗೆ ಹಾಕುವ ಚಾಳಿ ನಮ್ಮ ದೇಶದ್ದು ಮಾತ್ರ ಅಂದುಕೊಂಡವರಿಗೆ ಸಮಾಧಾನವಾಗಲಿ ಅಂತ ಹೇಳಿದೆ.

ಉಮ್‌ಲಾಗೆ ಅಂತ ಮುಗಿಯುವ ಸಾಲುಗಳು ಕಂಡರೆ ಹೆದರಬೇಡಿ. ಒಂದೊಂದು ಕೆಲಸಕ್ಕೆ ಎಲ್ಲ ಗ್ರಾಹಕರಿಂದ ಎತ್ತುವ ಚಿಲ್ಲರೆ ಅದು. 2025ರಲ್ಲಿ ಇಂಥ ಮೂರು ಸೇರಿ ಯೂನಿಟ್‌ಗೆ ಸುಮಾರು 2.65 ಸೆಂಟ್. ಅದರಲ್ಲಿ ಒಂದು, ಸಮುದ್ರದೊಳಗೆ ನಿಲ್ಲಿಸಿದ ಗಾಳಿಯಂತ್ರಗಳನ್ನು ದಡದ ಲೈನಿಗೆ ಜೋಡಿಸುವ ಖರ್ಚು. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಹೈವೇಯಿಂದಲೇ ನೋಡಿ ಬೆಳೆದವರಿಗೆ ಅವು ಸಮುದ್ರದಲ್ಲೂ ಇರುತ್ತವೆ ಅನ್ನುವುದೇ ಸೋಜಿಗ. ಎಲ್ಲಕ್ಕಿಂತ ದೊಡ್ಡದಾಗಿದ್ದ ಹಸಿರು ಕರೆಂಟಿನ ಉಮ್‌ಲಾಗೆಯನ್ನು 2022ರ ಜುಲೈಯಲ್ಲಿ ಸೊನ್ನೆ ಮಾಡಿದರು. ಹಳೆಯ ಸೀನಿಯರ್‌ಗಳ ಬಿಲ್ ಇಟ್ಟುಕೊಂಡು ಹೋಲಿಸಬೇಡಿ.

ಇನ್ನೊಂದು ಸಾಲು ನನಗೆ ಬಹಳ ಇಷ್ಟ, ಕೊಂಟ್ಸೆಸಿಯೋನ್ಸ್‌ಆಬ್‌ಗಾಬೆ. ಊರಿನ ರಸ್ತೆಯಡಿ ಕೇಬಲ್ ಎಳೆದದ್ದಕ್ಕೆ ಪಾಲಿಕೆಗೆ ಹೋಗುವ ದುಡ್ಡು. ಊರು ದೊಡ್ಡದಾದಷ್ಟೂ ದರದ ಮಿತಿ ಜಾಸ್ತಿ. 25 ಸಾವಿರ ಜನರವರೆಗಿನ ಊರಿಗೆ 1.32 ಸೆಂಟ್, ಒಂದು ಲಕ್ಷದವರೆಗೆ 1.59, ಐದು ಲಕ್ಷದವರೆಗೆ 1.99, ಅದರ ಮೇಲೆ 2.39. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನ ಸುಮಾರು 4.35 ಲಕ್ಷ. ನಮ್ಮೂರು ಜರ್ಮನಿಯಲ್ಲಿದ್ದಿದ್ದರೆ ಯೂನಿಟ್‌ಗೆ 1.99 ಸೆಂಟ್ ಪಾಲಿಕೆಗೆ ಹೋಗುತ್ತಿತ್ತು. ಗ್ರುಂಟ್‌ಫೆರ್‌ಜೋರ್ಗುಂಗ್‌ನಲ್ಲಿ ಇದ್ದರೂ ಬೇರೆ ಒಪ್ಪಂದ ಮಾಡಿಕೊಂಡಿದ್ದರೂ ಸಾಮಾನ್ಯ ಮನೆಗೆ ಇದೇ ಮಿತಿ. ತುಂಬಾ ಕರೆಂಟ್ ಸುಡುವ ದೊಡ್ಡ ಗ್ರಾಹಕರಿಗಾದರೆ ಮಿತಿ 0.11 ಸೆಂಟ್ ಮಾತ್ರ. ವ್ಯತ್ಯಾಸ ನೋಡಿ!

ಏನದು ಗ್ರುಂಟ್‌ಫೆರ್‌ಜೋರ್ಗುಂಗ್? ನೀವು ಬೀಗದ ಕೈ ತಗೊಂಡು ಒಳಗೆ ಹೋಗಿ ಸ್ವಿಚ್ ಒತ್ತುತ್ತೀರಿ. ಲೈಟ್ ಹತ್ತುತ್ತದೆ. ಯಾವ ಕಂಪನಿಯ ಜೊತೆಯೂ ಮಾತಾಡಿಲ್ಲ, ಆದರೂ ಹತ್ತುತ್ತದೆ. ಯಾಕಂದರೆ ಆ ಪ್ರದೇಶದಲ್ಲಿ ಅತಿ ಹೆಚ್ಚು ಮನೆಗಳಿಗೆ ಕರೆಂಟ್ ಕೊಡುವ ಕಂಪನಿಯ ಗಿರಾಕಿ ನೀವು ಆಗಲೇ ಆಗಿಬಿಟ್ಟಿದ್ದೀರಿ. ಕೆಲವು ದಿನದ ಮೇಲೆ ಗೊತ್ತಿಲ್ಲದ ಕಂಪನಿಯಿಂದ ಕಾಗದ ಬಂದರೆ ಮೋಸ ಅಂತ ಎಸೆಯಬೇಡಿ. ಈ ದರ ಸಾಮಾನ್ಯವಾಗಿ ದುಬಾರಿ. ಒಳ್ಳೆಯದೇನೆಂದರೆ ಎರಡು ವಾರದ ನೋಟಿಸ್ ಕೊಟ್ಟು ಹೊರಬರಬಹುದು.

ಮೊದಲು ಮನೆಗೆ ಬಂದು ಆರು ವಾರದವರೆಗೂ ಹಿಂದಿನ ತಾರೀಖಿನಿಂದ ಹೊಸ ಕಂಪನಿಗೆ ಸೇರಬಹುದಿತ್ತು. 2025ರ ಜೂನ್ 6ರಿಂದ ಅದು ನಿಂತಿದೆ. ಹಾಗಾಗಿ ಮನೆ ಗಟ್ಟಿಯಾದ ಕೂಡಲೇ, ಸಾಮಾನು ಸಾಗಿಸುವ ಮುಂಚೆಯೇ, ಕರೆಂಟ್ ಒಪ್ಪಂದ ಮಾಡಿಕೊಳ್ಳಿ. ದರ ಹೋಲಿಸುವಾಗ ಮೊದಲ ವರ್ಷದ ಬೋನಸ್ ತೆಗೆದು ನೋಡಿ. ಬೋನಸ್ ಸೇರಿಸಿ ಅಗ್ಗ ಕಾಣುವುದು ಎರಡನೇ ವರ್ಷ ಕೈ ಸುಡುತ್ತದೆ. ಮೊದಲ ಅವಧಿ ಎರಡು ವರ್ಷ ಮೀರುವಂತಿಲ್ಲ. ಆಮೇಲೆ ಒಂದು ತಿಂಗಳ ನೋಟಿಸ್ ಸಾಕು. ನಡುವೆ ದರ ಏರಿಸಿದ ಕಾಗದ ಬಂದರೆ, ಏರಿಕೆ ಜಾರಿಯಾಗುವ ದಿನಕ್ಕೆ ಒಪ್ಪಂದ ಮುರಿಯುವ ಹಕ್ಕು ನಿಮಗಿದೆ. ಆ ಕಾಗದ ಇಮೇಲಿನಲ್ಲಿ ಜಾಹೀರಾತಿನ ಥರ ಕಾಣುತ್ತದೆ. ಓದಿ.

ಮೀಟರ್ ಹೆಚ್ಚಾಗಿ ಕಟ್ಟಡದ ನೆಲಮಾಳಿಗೆಯಲ್ಲಿ ಇರುತ್ತದೆ, ಹತ್ತಾರು ಮನೆಯವು ಒಟ್ಟಿಗೆ. ಬೀಗದ ಕೈ ಪಡೆಯುವ ದಿನವೇ ಓನರ್ ಜೊತೆ ಕೆಳಗಿಳಿದು ನಿಮ್ಮ ಮೀಟರ್ ಯಾವುದು ನೋಡಿ. ನಂಬರ್ ಮತ್ತು ರೀಡಿಂಗ್ ಒಂದೇ ಫೋಟೊದಲ್ಲಿ ಬರಲಿ. ಮನೆ ಒಪ್ಪಿಸುವ ಪತ್ರದಲ್ಲೂ ಅದೇ ಅಂಕಿ ಬರೆಸಿ. ಡಿಜಿಟಲ್ ಮೀಟರಿನಲ್ಲಿ 1.8.0 ಅಂತ ಇರುವ ಸಾಲು ನೀವು ಬಳಸಿದ್ದು. 2.8.0 ಸೋಲಾರಿನಿಂದ ಲೈನಿಗೆ ವಾಪಸ್ ಕೊಟ್ಟದ್ದು, ಅದನ್ನು ಬರೆದು ಕಳಿಸಬೇಡಿ. ಹಳೆಯ ಚಕ್ರದ ಮೀಟರ್ ಆದರೆ ಕಾಮಾ ಆದ ಮೇಲಿನ ಕೆಂಪು ಅಂಕಿ ಬಿಟ್ಟುಬಿಡಿ. ರೀಡಿಂಗ್ ಕಳಿಸಿ ಅಂತ ಕಂಪನಿ ಕೇಳಿದಾಗ ಸುಮ್ನಿದ್ದರೆ ಅವರೇ ಅಂದಾಜು ಹಾಕುತ್ತಾರೆ. ಬಿಲ್ಲಿನಲ್ಲಿ ರೀಡಿಂಗ್ ಪಕ್ಕ ಗೆಶೆಟ್ಸ್ಟ್ ಅಂತ ಇದ್ದರೆ ಅದು ಅಂದಾಜು. ಫೋಟೊ ಕಳಿಸಿ, ತಿದ್ದಿಕೊಡಿ ಅಂತ ಕೇಳಿ.

ಈಗ ನಿಟ್ಟುವಳ್ಳಿಯ ಹುಡುಗಿಗೆ 400 ಯೂನಿಟ್ ಯಾಕೆ ಜಾಸ್ತಿ ಆಯಿತು ಅನ್ನುವುದಕ್ಕೆ ಬರೋಣ. ಬಚ್ಚಲು ಮನೆಯ ಗೋಡೆಯಲ್ಲಿ ಒಂದು ಬಿಳಿ ಪೆಟ್ಟಿಗೆ ಇತ್ತು. ಡುರ್ಖ್‌ಲಾವ್ಫ್‌ಎರ್‌ಹಿಟ್ಸರ್, ನಲ್ಲಿ ತಿರುಗಿಸಿದಾಗ ಹರಿಯುವ ನೀರನ್ನೇ ಕಾಯಿಸುವ ಹೀಟರ್. ನಮ್ಮ ಮನೆಯ ಗೀಸರ್ ಸಾಮಾನ್ಯವಾಗಿ 2 ಕಿಲೋವ್ಯಾಟ್. ಈ ಪೆಟ್ಟಿಗೆ 21 ಕಿಲೋವ್ಯಾಟ್. ಪೂರ್ತಿ ಬಿಸಿ ಇಟ್ಟು ಹತ್ತು ನಿಮಿಷ ಶವರ್ ಕೆಳಗೆ ನಿಂತರೆ ಮೂರೂವರೆ ಯೂನಿಟ್, ಅಂದರೆ 1 ಯೂರೊ 19 ಸೆಂಟ್. ದಿನಾ ಹೀಗೇ ಮಾಡಿದರೆ ವರ್ಷಕ್ಕೆ 430 ಯೂರೊ ದಾಟುತ್ತದೆ. ಚಳಿಗಾಲದ ಬೆಳಿಗ್ಗೆ ಯಾರಿಗೆ ತಾನೇ ಬೇಗ ಹೊರಗೆ ಬರಲು ಮನಸ್ಸಾಗುತ್ತದೆ ಹೇಳಿ. ಬಾಡಿಗೆ ಮನೆ ನೋಡುವಾಗಲೇ ಬಿಸಿನೀರು ಎಲ್ಲಿಂದ ಬರುತ್ತದೆ ಅಂತ ಕೇಳಿ. ಕಟ್ಟಡದ ಬಾಯ್ಲರಿನಿಂದ ಬಂದರೆ ಕರೆಂಟ್ ಬಿಲ್ ಹಗುರ, ಗೋಡೆಯ ಪೆಟ್ಟಿಗೆಯಿಂದಾದರೆ ಭಾರ. ಮೊದಲೇ ಕಂಪನಿಗೆ ಹೇಳಿ ಕಂತು ಏರಿಸಿಕೊಂಡರೆ ಕೊನೆಗೆ ಬಾಕಿ ಬರುವುದಿಲ್ಲ. ಫೋನಿನ ಚಾರ್ಜರ್, ಫ್ರಿಜ್ ಲೆಕ್ಕ ಹಾಕಿಕೊಂಡು ಕೂರುವುದಕ್ಕಿಂತ ಈ ಪೆಟ್ಟಿಗೆಯನ್ನು ಒಂದೆರಡು ಡಿಗ್ರಿ ಇಳಿಸುವುದು ವಾಸಿ.

ಬಾಡಿಗೆಯಲ್ಲಿ ವಾರ್ಮ್‌ಮೀಟೆ ಅಂದರೆ ರೂಮ್ ಹೀಟಿಂಗ್ ಸೇರಿದ ಬಾಡಿಗೆ. ನಿಮ್ಮ ಮನೆಯೊಳಗಿನ ಕರೆಂಟ್ ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ. ಮೆಟ್ಟಿಲ ಮೇಲಿನ ಲೈಟಿನ ಖರ್ಚು ಮಾತ್ರ ಸೇರಿರುತ್ತದೆ. ರೇಡಿಯೊ, ಟಿವಿಯ ಶುಲ್ಕ ಪೂರ್ತಿ ಬೇರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಲೆಕ್ಕ ತಪ್ಪಿದೆ ಅನ್ನಿಸಿದರೆ ಮೊದಲು ಕಂಪನಿಗೇ ಬರೆಯಿರಿ, ಫೋನ್ ಮಾಡಿ ಬಿಡಬೇಡಿ. ನಾಲ್ಕು ವಾರದಲ್ಲಿ ಸರಿ ಹೋಗದಿದ್ದರೆ ಬರ್ಲಿನ್ನಿನ ಶ್ಲಿಖ್ಟುಂಗ್ಸ್‌ಶ್ಟೆಲೆ ಎನೆರ್ಗೀ ಅನ್ನುವ ಸಂಸ್ಥೆಗೆ ದೂರು ಕೊಡಬಹುದು. ಗ್ರಾಹಕರಿಗೆ ಖರ್ಚಿಲ್ಲ.

ಓದು ಮುಗಿಸಿ ಊರಿಗೆ ವಾಪಸ್ ಬರುವವರಿಗೆ ಒಂದು ಮಾತು. ಮನೆ ಬಿಡುವ ದಿನ ಮತ್ತೆ ಮೀಟರ್ ಫೋಟೊ ತೆಗೆಯಿರಿ, ಬಿಡುವ ತಾರೀಖನ್ನು ಕಂಪನಿಗೆ ಮುಂಚೆಯೇ ತಿಳಿಸಿ, ಇಮೇಲ್ ವಿಳಾಸ ಕೊಡಿ. ಕೊನೆಯ ಬಿಲ್ ಆರು ವಾರದೊಳಗೆ ಬರುತ್ತದೆ, ಉಳಿದ ದುಡ್ಡು ಜರ್ಮನ್ ಅಕೌಂಟಿಗೇ ಬೀಳುತ್ತದೆ. ಅದು ಬಂದ ಮೇಲೆ ಅಕೌಂಟ್ ಮುಚ್ಚಿಸಿ.