ಕೈಯಲ್ಲಿ ಕಟ್ಟಿದ ಸೈಕಲ್‌ಗಳ ಮೇಳ: ಒಂದು ದಿನದಲ್ಲಿ ನೋಡುವುದು ಹೇಗೆ?

ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 2023ರ ಆಗಸ್ಟ್‌ನಲ್ಲಿ ‘ಮೇಡ್’ ಎಂಬ ಸೈಕಲ್ ಮೇಳ ಶುರುವಾಯಿತು. ವಿಲಾಮೆಟ್ ನದಿಯ ದಡದಲ್ಲಿ, ಹಿಂದೆ ಸರಕು ದೋಣಿಗಳನ್ನು ಕಟ್ಟುತ್ತಿದ್ದ ಜಿಡೆಲ್ ಯಾರ್ಡ್ಸ್ ಎಂಬ ಜಾಗದಲ್ಲಿ. ಇಲ್ಲಿ ಮಳಿಗೆ ಹಾಕುವ ಎಷ್ಟೋ ಜನರದು ಒಬ್ಬರೋ ಇಬ್ಬರೋ ಸೇರಿ ನಡೆಸುವ ಸಣ್ಣ ವರ್ಕ್‌ಶಾಪ್. ಫ್ರೇಮ್ ಕಟ್ಟಿದವರೇ ಎದುರಿಗೆ ನಿಂತು ಮಾತಾಡುತ್ತಾರೆ. ಅಂಗಡಿಯಲ್ಲಿ ಈ ಭಾಗ್ಯ ಎಲ್ಲಿ ಸಿಗುತ್ತದೆ?

ಹೋಗುವ ಮುಂಚೆ ಆ ವರ್ಷದ ದಿನಾಂಕ, ಜಾಗ ಖಚಿತ ಮಾಡಿಕೊಳ್ಳಿ. ಬರುವವರ ಪಟ್ಟಿ ನೋಡಿ ಐದಾರು ಹೆಸರು ಗುರುತು ಹಾಕಿಕೊಳ್ಳಿ, ಸಾಕು. ಪೋರ್ಟ್‌ಲ್ಯಾಂಡ್ ಪಕ್ಕದ ಹಿಲ್ಸ್‌ಬರೊ ಕಡೆಯ ಕನ್ನಡಿಗರು ಕಾರು ತೆಗೆಯುವುದೇ ಬೇಡ. ಮ್ಯಾಕ್ಸ್ ಎಂಬ ನಗರ ರೈಲಿನಲ್ಲಿ ಸೈಕಲ್ ನೇತುಹಾಕಲು ಕೊಕ್ಕೆಗಳಿವೆ.

ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಮೊದಲು ಎಲ್ಲೂ ನಿಲ್ಲದೆ ಒಂದು ಸುತ್ತು ಹಾಕಿ. ಬಣ್ಣ, ಹೊಳಪು ಎಲ್ಲ ಆಗಲೇ ಕಣ್ತುಂಬ ನೋಡಿಬಿಡಿ. ನಿಜವಾದ ನೋಟ ಎರಡನೇ ಸುತ್ತಿನಲ್ಲಿದೆ.

ಈ ಸಲ ಕಣ್ಣು ಪೈಪುಗಳು ಸೇರುವ ಜಾಗದಲ್ಲಿರಲಿ. ಬಣ್ಣ ಬಳಿಯದ ಫ್ರೇಮ್ ಇದ್ದರೆ ಅಲ್ಲಿಂದಲೇ ಶುರು ಮಾಡಿ. ನಮ್ಮೂರಿನ ಹಳೇ ಕಪ್ಪು ಸೈಕಲ್‌ನಲ್ಲಿ ಹ್ಯಾಂಡಲ್ ಕೆಳಗೆ, ಪೈಪುಗಳು ಸೇರುವಲ್ಲಿ ಒಂದು ಲೋಹದ ಕವಚ ಇರುತ್ತದಲ್ಲ, ಅದೇ ಲಗ್. ಇಲ್ಲಿ ಅದರ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿರುತ್ತಾರೆ. ಅಂಚಿನ ಸುತ್ತ ಬೆಸುಗೆ ಎಲ್ಲೂ ತುಂಡಾಗದೆ ಒಂದೇ ಗೆರೆಯಾಗಿ ಓಡಿದೆಯೇ ನೋಡಿ. ಲಗ್ ಇಲ್ಲದ ಕಡೆ ಹಿತ್ತಾಳೆ ಕರಗಿಸಿ ಮೂಲೆ ತುಂಬಿರುತ್ತಾರೆ. ಅದನ್ನು ನುಣ್ಣಗೆ ಉಜ್ಜಿದರೆ ಒಂದು ಪೈಪು ಇನ್ನೊಂದರೊಳಗೆ ಹರಿದು ಹೋದ ಹಾಗೆ ಕಾಣುತ್ತದೆ. ನನಗೆ ಇದಕ್ಕಿಂತ ಚಂದದ ಕೆಲಸ ಸೈಕಲ್‌ನಲ್ಲಿ ಇನ್ನೊಂದಿಲ್ಲ.

ಟೈಟಾನಿಯಂ ಫ್ರೇಮ್ ಆದರೆ ಬೆಸುಗೆಯ ಬಣ್ಣ ಗಮನಿಸಿ. ಬಿಸಿಯಾದ ಟೈಟಾನಿಯಂ ಗಾಳಿ ಹೀರಿಕೊಂಡರೆ ಪೆಡಸಾಗುತ್ತದೆ. ಅದಕ್ಕೇ ಪೈಪಿನ ಒಳಗೂ ಹೊರಗೂ ಆರ್ಗಾನ್ ಅನಿಲ ಬಿಟ್ಟು ಬೆಸೆಯುತ್ತಾರೆ. ಬೆಳ್ಳಿ ಬಣ್ಣ, ತಿಳಿ ಹುಲ್ಲಿನ ಬಣ್ಣ ಇದ್ದರೆ ಒಳ್ಳೆಯದು. ಕಡು ನೀಲಿ, ಬೂದಿ ಬಣ್ಣ ಇದ್ದರೆ ಗಾಳಿ ನುಗ್ಗಿದೆ ಎಂದರ್ಥ. ಹೆಸರಿನ ಅಕ್ಷರಗಳ ಮೇಲಿನ ನೀಲಿ, ನೇರಳೆ ಬೇರೆ. ಅದು ವಿದ್ಯುತ್ ಹರಿಸಿ ಬೇಕೆಂದೇ ತಂದ ಬಣ್ಣ.

ಉಕ್ಕಿನ ಫ್ರೇಮ್ ಸಿಕ್ಕರೆ ಕೇಳಿಕೊಂಡು ಪೈಪನ್ನು ಉಗುರಿನಿಂದ ಮೆಲ್ಲಗೆ ಮೀಟಿ. ತುದಿಯಲ್ಲೊಂದು ಸದ್ದು, ನಡುವೆ ಇನ್ನೊಂದು. ಬೆಸುಗೆ ಬೀಳುವ ತುದಿಯಲ್ಲಿ ಪೈಪಿನ ಗೋಡೆ 0.8 ಮಿ.ಮೀ. ದಪ್ಪ ಇದ್ದರೆ ನಡುಭಾಗದಲ್ಲಿ 0.5 ಮಿ.ಮೀ. ಇರಬಹುದು. ಗಟ್ಟಿತನವೂ ಇರಬೇಕು, ತೂಕವೂ ಇಳಿಯಬೇಕು ಅಲ್ವಾ? ಇಂಗ್ಲೆಂಡಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ ತಂದ ‘531’ ಎಂಬ ಉಕ್ಕಿನ ಪೈಪುಗಳ ಹೆಸರನ್ನು ಇಂದಿಗೂ ಜನ ಗೌರವದಿಂದ ಹೇಳುತ್ತಾರೆ.

ಇನ್ನು ಮಾತು. “ಬೆಲೆ ಎಷ್ಟು” ಅಂತ ಶುರು ಮಾಡಬೇಡಿ. “ಈ ಸೈಕಲ್ ಯಾರಿಗಾಗಿ ಕಟ್ಟಿದ್ದು” ಅಂತ ಕೇಳಿ. ಬೆನ್ನು ನೋವಿರುವ ಒಬ್ಬರಿಗೆ ಹ್ಯಾಂಡಲ್ ಎತ್ತರಿಸಿರಬಹುದು, ಕುಳ್ಳಗಿರುವವರಿಗೆ ಚಕ್ರವನ್ನೇ ಚಿಕ್ಕದು ಮಾಡಿರಬಹುದು. ಫ್ರೇಮಿನ ಒಂದೊಂದು ಕೋನಕ್ಕೂ ಒಂದು ಕಾರಣ ಇರುತ್ತದೆ. ಅದನ್ನು ಹೇಳುವಾಗ ಕಟ್ಟಿದವರ ಮುಖ ಅರಳುತ್ತದೆ. ಮಧ್ಯಾಹ್ನ ಜನ ಜಾಸ್ತಿ. ಆಗ ಊಟ ಮುಗಿಸಿ, ಸಂಜೆ ಮಳಿಗೆಯಲ್ಲಿ ಜನ ಕಡಿಮೆಯಾದಾಗ ಮತ್ತೆ ಹೋಗಿ.

ಕೊಳ್ಳುವ ಮನಸ್ಸಿದ್ದರೆ ಈಗಿನ ಸೈಕಲ್‌ನ ಅಳತೆ ಬರೆದುಕೊಂಡು ಹೋಗಿ. ಪೆಡಲ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಎಷ್ಟು, ಸೀಟಿನಿಂದ ಹ್ಯಾಂಡಲ್‌ಗೆ ಎಷ್ಟು, ಕೂತಾಗ ಎಲ್ಲಿ ನೋವು ಬರುತ್ತದೆ ಎಲ್ಲವನ್ನೂ ಹೇಳಿ. ಸರದಿ ಬರಲು ತಿಂಗಳುಗಟ್ಟಲೆ, ಕೆಲವರ ಹತ್ತಿರ ವರ್ಷಗಟ್ಟಲೆ ಕಾಯಬೇಕು. ಮುಂಗಡ ಎಷ್ಟು, ಬೇಡವೆಂದರೆ ವಾಪಸ್ ಸಿಗುತ್ತದೆಯೇ, ಪೈಪು ಬಗ್ಗಿದರೆ ಹೊಸ ಪೈಪು ಹಾಕಿಕೊಡುತ್ತಾರೆಯೇ, ಇದೆಲ್ಲ ಬರಹದಲ್ಲಿ ಕೈಗೆ ಬಂದ ಮೇಲೆ ದುಡ್ಡು ಕೊಡಿ.